ಭಾನುವಾರದ ಓದು: ಹಿರೋಷಿಮಾ ಬಗ್ಗೆ ಒಂದು ಐರಿಷ್ ಕವನ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಓವನ್ ಓ ತೂರಿಶ್ಕ್ ಅವರ ‘ಸತ್ತವರ ಬಲಿಪೂಜೆ’ ಬಗ್ಗೆ ಮಾತಾಡೋಣ. 1964ರಲ್ಲಿ ಐರಿಷ್ ಭಾಷೆಯಲ್ಲೇ ಬಂದ ನೀಳ್ಗವನ ಇದು.

ಬಾಂಬು ಬಿದ್ದದ್ದು ಹಿರೋಷಿಮಾದಲ್ಲಿ, 1945ರ ಆಗಸ್ಟ್ 6ರಂದು. ಆದರೆ ಕವಿ ನಮ್ಮನ್ನು ಕರೆದೊಯ್ಯುವುದು ಡಬ್ಲಿನ್‌ನ ಬೀದಿಗಳಿಗೆ. ಅಲ್ಲಿ ಎಂದಿನಂತೆ ಬೆಳಗಾಗಿದೆ, ಬಸ್ಸುಗಳು ಓಡುತ್ತಿವೆ. ಐರ್ಲೆಂಡ್ ಆ ಯುದ್ಧದಲ್ಲಿ ಯಾರ ಪಕ್ಷವನ್ನೂ ಸೇರಿರಲಿಲ್ಲ. ಹಾಗಂತ ಈ ಪಾಪ ನಮ್ಮದಲ್ಲ ಎಂದು ಕವಿ ಕೈ ತೊಳೆದುಕೊಳ್ಳುವುದಿಲ್ಲ. ನನಗೆ ಜಾಸ್ತಿ ತಟ್ಟಿದ್ದು ಇದೇ.

ಸತ್ತವರಿಗಾಗಿ ಚರ್ಚಿನಲ್ಲಿ ನಡೆಯುವ ಪೂಜೆಯ ಕ್ರಮದಲ್ಲೇ ಕವನ ಸಾಗುತ್ತದೆ. ಭಾಗಗಳ ಹೆಸರೂ ಅಲ್ಲಿಂದಲೇ ಬಂದವು: ‘ಕೀರಿಯೆ’, ‘ಡಿಯೆಸ್ ಇರೆ’. ಮೊದಲನೆಯದು ಕರುಣೆಗಾಗಿ ಮೊರೆ, ಎರಡನೆಯದು ಕಡೆಯ ತೀರ್ಪಿನ ದಿನದ ಹಾಡು. ‘ಡಿಯೆಸ್ ಇರೆ’ ಭಾಗವನ್ನು ನಿಧಾನವಾಗಿ ಓದಿಕೊಂಡು ಬನ್ನಿ, ಸುಮ್ನೆ ಕಣ್ಣಾಡಿಸಿದರೆ ಸಾಲದು.

ಒಂದು ಪ್ರಶ್ನೆ ಯೋಚಿಸಿ ಬನ್ನಿ. ಕಣ್ಣಾರೆ ನೋಡದ ಸಾವುಗಳ ಬಗ್ಗೆ ಬರೆಯುವಾಗ ಕವಿ ಎಲ್ಲಿ ನಿಲ್ಲಬೇಕು? ಗಾಜಾ, ಉಕ್ರೇನ್ ಬಗ್ಗೆ ಬರೆಯುತ್ತಿರುವವರಿಗೂ ಇದೇ ಪ್ರಶ್ನೆ ಅಲ್ವಾ?

ಇನ್ನೊಂದು ವಿನಂತಿ: ಯುದ್ಧದ ವಿಡಿಯೋಗಳನ್ನು ದಯವಿಟ್ಟು ಗುಂಪಿಗೆ ಫಾರ್ವರ್ಡ್ ಮಾಡಬೇಡಿ. ಬರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ.