ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲಿ ‘ಹೇಗೆ ಗೊತ್ತು?’ ಎಂಬುದಕ್ಕೂ ಅಂಕವಿರಲಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ತಮಗೆ ನೆನಪಿರಬಹುದು. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿದ ಸುದ್ದಿ ಅವರ ಕಾರಿಗಿಂತ ಮೊದಲೇ ಮುರ್ಕಿ ತಲುಪಿತ್ತು. ಜನ ಮುಗಿಬಿದ್ದು ಹೊಡೆದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಕಳೆದುಕೊಂಡ. ಅದಕ್ಕೆ ಸುಮಾರು ಎರಡು ತಿಂಗಳ ಮುಂಚೆಯಷ್ಟೇ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಇದೇ ವದಂತಿಗೆ ರಾಜಸ್ಥಾನದ ಯುವಕನೊಬ್ಬ ಬಲಿಯಾಗಿದ್ದ.

ಮಕ್ಕಳ ಕಳ್ಳರು ಚಾಕೊಲೇಟ್ ಕೊಡುತ್ತಾರೆ. ಇವರು ಚಾಕೊಲೇಟ್ ಕೊಟ್ಟರು. ಆದ್ದರಿಂದ ಇವರು ಮಕ್ಕಳ ಕಳ್ಳರು. ಅಂದು ನಡೆದ ತರ್ಕ ಇಷ್ಟೇ. ಇದು ತಪ್ಪೆಂದು ತಿಳಿಯಲು ನಮಗೆ ಹೊರಗಿನವರ ಪಾಠವೇನೂ ಬೇಕಿರಲಿಲ್ಲ. ಹೊಗೆ ಕಂಡರೆ ಬೆಂಕಿಯಿದೆ ಎನ್ನಬಹುದು, ಬೆಂಕಿ ಇದೆಯೆಂದ ಮಾತ್ರಕ್ಕೆ ಹೊಗೆ ಇರಲೇಬೇಕೆಂದು ಹೇಳಲಾಗದು ಎಂದು ನಮ್ಮ ಪ್ರಾಚೀನ ತರ್ಕಪರಂಪರೆಯಾದ ನ್ಯಾಯದರ್ಶನದವರು ಶತಮಾನಗಳ ಹಿಂದೆಯೇ ವಾದಿಸಿದ್ದರು. ಅದಕ್ಕೆ ಅವರು ಕೊಟ್ಟ ಉದಾಹರಣೆ ಕೆಂಪಗೆ ಕಾದ ಕಬ್ಬಿಣದ ಗುಂಡು: ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಲು ಹಸಿ ಸೌದೆಯೂ ಬೇಕು. ಹಾಗೆಯೇ ಚಾಕೊಲೇಟ್ ಕೊಟ್ಟವರೆಲ್ಲ ಕಳ್ಳರಾಗಬೇಕಿಲ್ಲ. ಎಂಟನೇ ತರಗತಿಯ ಮಗುವಿಗೂ ಹತ್ತು ನಿಮಿಷದಲ್ಲಿ ಅರ್ಥವಾಗುವ ವಿಷಯವಿದು. ಆದರೆ ನಮ್ಮಲ್ಲಿ ತರ್ಕಶಾಸ್ತ್ರ ಸಿಗುವುದು ಪಿಯು ಕಲಾ ವಿಭಾಗದ ಐಚ್ಛಿಕ ವಿಷಯವಾಗಿ, ಅದೂ ಅದನ್ನು ಆರಿಸಿಕೊಂಡವರಿಗೆ ಮಾತ್ರ.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೋ ಜಗತ್ತಿನಲ್ಲೇ ಶ್ರೇಷ್ಠವೆಂದು ಘೋಷಿಸಿದೆ ಎಂಬ ಸಂದೇಶವನ್ನು ಒಮ್ಮೆ ಕರಿಹಲಗೆಯ ಮೇಲೆ ಬರೆದು, ‘ಇದು ನಿಜವೆಂದು ಹೇಗೆ ಗೊತ್ತು?’ ಎಂದು ಮಕ್ಕಳನ್ನು ಕೇಳಿದ್ದೆ. ‘ಎಲ್ಲರ ಸ್ಟೇಟಸ್‌ನಲ್ಲೂ ಇದೆ ಸಾರ್’ ಎಂದವರೇ ಹೆಚ್ಚು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಎದ್ದು, ‘ಯಾವ ತಾರೀಖು ಹೇಳಿದ್ರು ಸಾರ್, ಅದೇ ಇಲ್ವಲ್ಲ’ ಎಂದಳು. ಆಮೇಲೆ ಪ್ರಶ್ನೆಗಳು ಒಂದರ ಹಿಂದೊಂದು ಬಂದವು: ಯಾರು ಹೇಳಿದ್ದು? ಬೇರೆ ದೇಶದವರು ಸುಮ್ಮನೆ ಒಪ್ಪಿಕೊಂಡರಾ? ಯುನೆಸ್ಕೋ ಅಂಥ ಘೋಷಣೆಯನ್ನೇ ಮಾಡಿಲ್ಲ ಎಂಬುದನ್ನು ಕೊನೆಗೆ ಮಕ್ಕಳೇ ಹುಡುಕಿ ತೆಗೆದರು. ರಾಷ್ಟ್ರಗೀತೆಯ ಮೇಲಿನ ಗೌರವ ಯಾರಿಗೂ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಜನವರಿ ಬಂತೆಂದರೆ ಇಂಥ ತರಗತಿಗಳಿಗೆ ಜಾಗವಿರುವುದಿಲ್ಲ. ಆಗ ಶಾಲೆ ನಡೆಯುವುದು ಪಾಸಿಂಗ್ ಪ್ಯಾಕೇಜ್ ಮೇಲೆ, ಅಂದರೆ ಪಾಸಾಗಲು ಬೇಕಾದಷ್ಟೇ ಆಯ್ದ ಪ್ರಶ್ನೋತ್ತರಗಳ ಮೇಲೆ. ‘ಕಾರಣ ಕೊಡಿ’ ಎಂಬ ಪ್ರಶ್ನೆಯ ಕಾರಣಗಳನ್ನೂ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಸ್ವಂತವಾಗಿ ಯೋಚಿಸಿ ಐದನೆಯದೊಂದು ಕಾರಣ ಬರೆದವರಿಗೆ, ಅದು ಕೀ ಉತ್ತರದಲ್ಲಿಲ್ಲ ಎಂಬ ಕಾರಣಕ್ಕೆ, ಅಂಕ ಸಿಗುವ ಖಾತ್ರಿಯಿಲ್ಲ. ಇದಕ್ಕೆ ಶಿಕ್ಷಕರನ್ನು ದೂರಿ ಫಲವಿಲ್ಲ. ಶಾಲೆಯ ಫಲಿತಾಂಶ ಕುಸಿದರೆ ನೋಟಿಸ್ ಬರುವುದು ಅವರಿಗೇ.

ಆದ್ದರಿಂದ ಹೊಸ ಪಠ್ಯಪುಸ್ತಕವನ್ನಾಗಲಿ, ವಾರಕ್ಕೊಂದು ಮೌಲ್ಯಶಿಕ್ಷಣದ ಪೀರಿಯಡ್ಡನ್ನಾಗಲಿ ನಾನು ಕೇಳುತ್ತಿಲ್ಲ. ಪ್ರಶ್ನೆಪತ್ರಿಕೆಯ ನೀಲನಕ್ಷೆ ಬದಲಾಗಲಿ. ವಿಜ್ಞಾನ, ಸಮಾಜ ವಿಜ್ಞಾನಗಳ 80 ಅಂಕಗಳಲ್ಲಿ ಎಂಟನ್ನಾದರೂ ಮಕ್ಕಳು ಹಿಂದೆಂದೂ ನೋಡಿರದ ಜಾಹೀರಾತು, ಸುದ್ದಿ ತುಣುಕು ಅಥವಾ ಅಂಕಿಅಂಶದ ಪಟ್ಟಿಗೆ ಮೀಸಲಿಡಿ. ‘ಈ ಮಾತನ್ನು ನಂಬಲು ಇಲ್ಲಿ ಏನು ಆಧಾರವಿದೆ, ಇನ್ನೇನು ಗೊತ್ತಾಗಬೇಕು?’ ಎಂದು ಕೇಳಿ. ಮೌಲ್ಯಮಾಪಕರು ನೋಡಬೇಕಾದ್ದು ತೀರ್ಮಾನವನ್ನಲ್ಲ, ಅದಕ್ಕೆ ಮಗು ಕೊಟ್ಟ ಸಮರ್ಥನೆಯನ್ನು. ಆಂತರಿಕ ಮೌಲ್ಯಮಾಪನದ 20 ಅಂಕಗಳಲ್ಲಿ ಇದನ್ನು ಈ ವರ್ಷವೇ ಶುರುಮಾಡಬಹುದು.

ನಮ್ಮ ಕೊಡಗಿನ ಮಗ್ಗುಲಲ್ಲೇ ಇರುವ ಕೇರಳದ ಕಣ್ಣೂರಿನಲ್ಲಿ 2018ರಲ್ಲೇ ಜಿಲ್ಲಾಡಳಿತ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳುಸುದ್ದಿ ಗುರುತಿಸುವ ಪಾಠ ಮಾಡಿಸಿತು. ಹಾಗಾಗಿ ಇದು ಆಗದ ಮಾತಲ್ಲ.

ಇನ್ನೊಂದು ವಿಷಯ, ನನ್ನ ಮಟ್ಟಿಗೆ ಇದೇ ಮುಖ್ಯ. ಪ್ರಶ್ನೆ ಕೇಳಲು ಕಲಿತ ಮಗು ಮನೆಯಲ್ಲೂ ಕೇಳುತ್ತದೆ. ಮಗ ಎದುರು ಮಾತಾಡುತ್ತಾನೆಂದು ಪೋಷಕರು ದೂರು ತರುತ್ತಾರೆ, ಊರ ಪ್ರಮುಖರು ಮುಖ್ಯಶಿಕ್ಷಕರ ಕೊಠಡಿಗೆ ಬಂದು ಕೂರುತ್ತಾರೆ. ಆಗ ಶಿಕ್ಷಕಿಯ ಬೆನ್ನಿಗೆ ಇಲಾಖೆ ನಿಲ್ಲದಿದ್ದರೆ ಮರುದಿನದಿಂದ ಅವರು ಗೈಡ್ ಓದಿಸುತ್ತಾರೆ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕರ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. ಅದನ್ನೇ ಆಧಾರವಾಗಿಟ್ಟುಕೊಂಡು, ಪಾಠದ ಭಾಗವಾಗಿ ಪ್ರಶ್ನೆ ಎತ್ತಿದ ಶಿಕ್ಷಕರ ಮೇಲೆ ಕೇವಲ ಆ ಕಾರಣಕ್ಕೆ ಕ್ರಮ ಜರುಗಿಸಬಾರದೆಂದು ಎಲ್ಲ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ (ಬಿಇಒ) ಒಂದು ಸುತ್ತೋಲೆ ಕಳುಹಿಸಿ. ನೀಲನಕ್ಷೆ ಬದಲಾಗಲು ಸಮಯ ಹಿಡಿದೀತು, ಸುತ್ತೋಲೆಗೆ ತಮ್ಮ ಒಂದು ಸೂಚನೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ