ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಮಾತು

ಪ್ರೀತಿಯ ತಂಗಿ,

ಪೊಲೀಸರು ಸುಳ್ಳು ಕೇಸಿನಲ್ಲಿ ಸಿಕ್ಕಿಸುವ ಗ್ಯಾರೇಜ್ ಹುಡುಗನ ಬಗ್ಗೆ ನೀನು ಬರೆದ ಸ್ಕ್ರಿಪ್ಟ್ ಎರಡು ಸಲ ಓದಿದೆ. ಮೊದಲ ಸಲ ಓದುವಾಗ ಕಾಫಿ ಆರಿಹೋಗಿದ್ದೂ ಗೊತ್ತಾಗಲಿಲ್ಲ. ಎರಡನೇ ಸಲ ಪೆನ್ಸಿಲ್ ಹಿಡಿದು ಕೂತೆ. ಈ ಕಾಗದ ಆ ಪೆನ್ಸಿಲ್ಲಿನದು.

ಬಿಬಿಸಿಯ ಹಳೆಯ ಸರಣಿಯೊಂದಿದೆ, ‘ಲಾ ಅಂಡ್ ಆರ್ಡರ್’, 1978ರ ಏಪ್ರಿಲ್‌ನಲ್ಲಿ ಬಂದದ್ದು. ಅಮೆರಿಕದವರು 1990ರಲ್ಲಿ ಶುರು ಮಾಡಿದ್ದು ಬೇರೆ, ಹೆಸರು ಮಾತ್ರ ಒಂದೇ. ಇದನ್ನು ಬರೆದವರು ಜಿ.ಎಫ್. ನ್ಯೂಮನ್, ನಿರ್ದೇಶಿಸಿದವರು ಲೆಸ್ ಬ್ಲೇರ್. ನಾಲ್ಕೇ ಕಂತು: ಪತ್ತೇದಾರನದೊಂದು, ಪಾತಕಿಯದೊಂದು, ವಕೀಲನದೊಂದು, ಕೈದಿಯದೊಂದು. ಲಂಡನ್ನಿನ ಇನ್‌ಸ್ಪೆಕ್ಟರ್ ಫ್ರೆಡ್ ಪೈಲ್, ಜ್ಯಾಕ್ ಲಿನ್ ಎಂಬವನನ್ನು ಅವನು ಮಾಡದ ದರೋಡೆಯಲ್ಲಿ ಸಿಕ್ಕಿಸುತ್ತಾನೆ. ಲಿನ್ ಏನೂ ಸಾಚಾ ಅಲ್ಲ, ದರೋಡೆಯೇ ಅವನ ಕಸುಬು. ಈ ಕೇಸಿನಲ್ಲಿ ಮಾತ್ರ ಅವನ ಕೈ ಇಲ್ಲ. ನಿನ್ನ ಆರೋಪಿಯೋ ಇರುವೆಯನ್ನೂ ತುಳಿಯದವನು. ಅವನ ಪರ ನಿಲ್ಲಲು ನನಗೇನೂ ಖರ್ಚಾಗಲಿಲ್ಲ. ಲಿನ್ ಪರ ನಿಲ್ಲುವಾಗ ಹೊಟ್ಟೆಯಲ್ಲಿ ಏನೋ ಕಿವುಚುತ್ತದೆ.

ಸರಣಿ ಬಂದಾಗ ದೊಡ್ಡ ರಾದ್ಧಾಂತವೇ ಆಯಿತು, ಸಂಸತ್ತಿನವರೆಗೂ ಹೋಯಿತು. ಅದಿರಲಿ, ನಾನು ಹೇಳಹೊರಟಿದ್ದು ‘ವರ್ಬಲ್’ ಬಗ್ಗೆ. ಆ ಕಾಲದ ಲಂಡನ್ ಪೊಲೀಸರ ಮತ್ತು ಕಳ್ಳರ ಮಾತು ಅದು. ಆಗ ವಿಚಾರಣೆಗೆ ಟೇಪ್ ರೆಕಾರ್ಡರ್ ಇರಲಿಲ್ಲ. ಆರೋಪಿ ಏನಂದ ಅನ್ನುವುದನ್ನು ಪೊಲೀಸಪ್ಪ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೋರ್ಟಿನಲ್ಲಿ ಓದುತ್ತಿದ್ದ. ಆರೋಪಿ ಬಾಯಿ ಬಿಟ್ಟೇ ಇರದಿದ್ದರೂ ನೋಟ್‌ಬುಕ್ಕಿನಲ್ಲಿ ‘ಸಿಕ್ಕಿಬಿದ್ದೆ ಸಾರ್, ನಾನೇ ಮಾಡಿದ್ದು’ ಎಂಬ ಜಾತಿಯ ಸಾಲೊಂದು ಹುಟ್ಟಿಕೊಳ್ಳುತ್ತಿತ್ತು. ಅದೇ ‘ವರ್ಬಲ್’. ಜ್ಯೂರಿಯ ಹನ್ನೆರಡು ಜನ ಯಾರನ್ನು ನಂಬುತ್ತಾರೆ, ನೀನೇ ಹೇಳು. 1984ರ ಪೊಲೀಸ್ ಕಾಯ್ದೆ ಬಂದು, ವಿಚಾರಣೆಯನ್ನು ಟೇಪ್ ಮಾಡುವ ರೂಢಿ ಬೆಳೆದ ಮೇಲೆ ಈ ಆಟ ಕಷ್ಟವಾಯಿತು.

ಈಗ ನಿನ್ನ ಹದಿನಾಲ್ಕನೇ ಪುಟ ತೆಗೆ. ಗ್ಯಾರೇಜಿನ ಹುಡುಗ ಎಂಟು ತಾಸಿನಿಂದ ಠಾಣೆಯ ಬೆಂಚಿನ ಮೇಲೆ ಕೂತಿದ್ದಾನೆ, ಉಗುರಲ್ಲಿ ಇನ್ನೂ ಗ್ರೀಸ್. ಹೆಡ್ ಕಾನ್‌ಸ್ಟೇಬಲ್ ಗದರಿಸಿದ ಕೂಡಲೇ ಅವನು ಎದ್ದು ನಿಂತು ‘ಈ ವ್ಯವಸ್ಥೆಯೇ ನನ್ನನ್ನು ಅಪರಾಧಿ ಮಾಡಿದೆ’ ಎನ್ನುತ್ತಾನೆ. ಇದನ್ನು ಹೇಳಿದ್ದು ಅವನಲ್ಲ ಕಣಮ್ಮ, ನೀನು. ನಿನ್ನ ವಾದ ಗೆಲ್ಲಲು ಬೇಕಾಗಿದ್ದ ಸಾಲನ್ನು ಅವನ ಹೆಸರಲ್ಲಿ ಬರೆದುಕೊಂಡೆ. ಪೈಲ್ ಮಾಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅಷ್ಟು ಹೊತ್ತು ಕೂತವನಿಗೆ ಮೂತ್ರಕ್ಕೆ ಹೋಗಬೇಕಿರುತ್ತದೆ. ಸ್ಕೂಟರ್ ಕೀ ಯಾರ ಹತ್ತಿರ ಬಿಟ್ಟುಬಂದೆ ಅನ್ನುವ ಚಿಂತೆ ಇರುತ್ತದೆ.

ಇನ್ನೊಂದು. ಇಂಗ್ಲೆಂಡಿನ ಕಥೆಯ ಎಲುಬನ್ನು ಹಾಗೇ ಎತ್ತಿ ಬೆಂಗಳೂರಿಗೆ ತಂದರೆ ನಿಲ್ಲುವುದಿಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ನಮ್ಮ ಕೋರ್ಟಿನಲ್ಲಿ 1872ರ ಸಾಕ್ಷ್ಯ ಕಾಯ್ದೆಯ ಕಾಲದಿಂದಲೂ ಬೆಲೆಯಿಲ್ಲ. ಹೇಳಿದ ಜಾಗದಲ್ಲಿ ಮಾಲು ಸಿಕ್ಕರೆ ಅಷ್ಟಕ್ಕೆ ಸಂಬಂಧಿಸಿದ ಮಾತು ಮಾತ್ರ ನಡೆಯುತ್ತದೆ. ಹಾಗಾಗಿ ನಮ್ಮ ಪೈಲ್‌ಗೆ ನೋಟ್‌ಬುಕ್ ಸಾಲದು, ಮಾಲು ಸಿಕ್ಕಿತು ಅಂತ ಸಾಕ್ಷಿಗಳ ಮುಂದೆ ಬರೆಯುವ ಮಹಜರು ಬೇಕು. ಅದಕ್ಕೆ ಓದದೆ ಸಹಿ ಹಾಕುವ ಇಬ್ಬರು ಪಂಚರು, ಅಂದರೆ ಸಾಕ್ಷಿಗಳು, ಬೇಕು. ಟೀ ಅಂಗಡಿಯಿಂದ ಕರೆತಂದ ಆ ಪಂಚನ ಬಗ್ಗೆ ನೀನು ಒಂದು ಸಾಲೂ ಬರೆದಿಲ್ಲ. ನನ್ನ ಕೈಗೆ ಈ ಕಥೆ ಸಿಕ್ಕಿದ್ದರೆ ಅವನಿಗೇ ಒಂದು ಕಂತು ಕೊಡುತ್ತಿದ್ದೆ.

ಮತ್ತೆ ನಿನ್ನ ಜಡ್ಜು ಮೇಜಿಗೆ ಕುಟ್ಟುವ ಆ ಸುತ್ತಿಗೆ ತೆಗೆದುಬಿಡು. ಇಂಗ್ಲೆಂಡಿನ ಜಡ್ಜುಗಳೂ ಅದನ್ನು ಕುಟ್ಟುವುದಿಲ್ಲ. ನನ್ನ ಮೊದಲ ಧಾರಾವಾಹಿಯಲ್ಲಿ ನಾನೂ ಕುಟ್ಟಿಸಿದ್ದೆ. ಒಬ್ಬ ವಯಸ್ಸಾದ ವಕೀಲರು ಫೋನ್ ಮಾಡಿ, ‘ನಿಮ್ಮ ಜಡ್ಜು ಮೊದಲು ಬಡಗಿಯಾಗಿದ್ದರಾ?’ ಅಂತ ಕೇಳಿದರು.

ಇಡೀ ಸ್ಕ್ರಿಪ್ಟ್ ತಿದ್ದಲು ಹೋಗಬೇಡ. ಹದಿನಾಲ್ಕನೇ ಪುಟವೊಂದನ್ನು ಬರೆದು ಕಳಿಸು. ಹುಡುಗ ನೀರು ಕೇಳುವಲ್ಲಿಂದ ಶುರು ಮಾಡು, ಕಾನ್‌ಸ್ಟೇಬಲ್ ಕೊಡುತ್ತಾನೋ ಇಲ್ಲವೋ ನೋಡೋಣ.

ಇಂತಿ,
ನಿನ್ನ ಅಣ್ಣ