ಚುಕ್ಕೆ ಮಾಯವಾದರೂ ಕೈಬಿಡಬೇಡ

ತೀರ್ಥಹಳ್ಳಿ

ಚಿ. ಮೇಘನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಆಷಾಢದ ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದೆ. ನೀನು ಕಳಿಸಿದ ಮೀನಿನ ತೊಟ್ಟಿಯ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಎರಡು ಮೋಲಿ ಮೀನು ಸತ್ತವು, ಉಳಿದವು ಕಲ್ಲಿಗೆ ಮೈ ಉಜ್ಜುತ್ತಿವೆ, ಅಂಗಡಿಯವರು ಕೊಟ್ಟ ನೀಲಿ ಔಷಧಕ್ಕೆ ಎರಡು ದಿನವಾದರೂ ಗುಣ ಕಾಣಲಿಲ್ಲ, ನಾಳೆ ಹಳದಿ ಪುಡಿ ಹಾಕುತ್ತೇನೆ ಎಂದಿದ್ದೀಯ. ಆ ಪೊಟ್ಟಣ ಒಡೆಯಬೇಡ. ಫೋನಿನಲ್ಲಿ ಹೇಳಿದರೆ ಲೆಕ್ಕಗಳು ಮರೆತುಹೋಗುತ್ತವೆಂದು ಬರೆದು ಕಳಿಸುತ್ತಿದ್ದೇನೆ, ಪೂರ್ತಿ ಓದು.

ಮೊದಲು ರೋಗ ಯಾವುದೆಂದು ಖಚಿತ ಮಾಡಿಕೋ. ತೊಟ್ಟಿಯ ದೀಪ ಆರಿಸಿ, ಟಾರ್ಚಿನ ಬೆಳಕನ್ನು ಪಕ್ಕದಿಂದ ಹಾಯಿಸಿ ನೋಡು. ರೆಕ್ಕೆ ಮತ್ತು ಬಾಲದ ಮೇಲೆ ರವೆ ಉದುರಿಸಿದಂತೆ ಬಿಡಿಬಿಡಿಯಾದ, ತುಸು ಉಬ್ಬಿದ ಬಿಳಿ ಚುಕ್ಕೆಗಳಿದ್ದರೆ ಅದು ಬಿಳಿಚುಕ್ಕೆ ರೋಗ, ಮೀನು ಸಾಕುವವರೆಲ್ಲ ‘ಇಚ್’ ಎನ್ನುವುದು ಇದಕ್ಕೇ. ಮೈಯೆಲ್ಲ ಹೊಂಬಣ್ಣದ ನುಣ್ಣನೆಯ ಧೂಳು ಕಂಡರೆ ಅದು ವೆಲ್ವೆಟ್ ರೋಗ. ಬಾಯಿಯ ಸುತ್ತ ಬಿಳಿ ಬೂಷ್ಟು ಕಂಡರೆ ಬೇರೆಯೇ ಕಾಯಿಲೆ, ಅದಕ್ಕೆ ಚಿಕಿತ್ಸೆಯೂ ಬೇರೆ. ಗಂಡು ಗೋಲ್ಡ್‌ಫಿಶ್‌ಗಳಿಗೆ ಬೆದೆಯ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ ಬಿಳಿ ಚುಕ್ಕೆ ಏಳುವುದು ಸಹಜ. ಅದನ್ನೂ ರೋಗವೆಂದು ತಿಳಿದು ಔಷಧ ಸುರಿಯುವವರಿದ್ದಾರೆ. ನಿನ್ನ ಫೋಟೋದಲ್ಲಿ ಕಾಣುವುದು ಮಾತ್ರ ಬಿಳಿಚುಕ್ಕೆಯೇ, ನನಗೆ ಅನುಮಾನವಿಲ್ಲ.

ಎರಡು ದಿನದ ಔಷಧಕ್ಕೆ ಚುಕ್ಕೆ ಯಾಕೆ ಹೋಗಲಿಲ್ಲ ಎಂದು ಕೇಳಿದ್ದೀಯ. ಚುಕ್ಕೆಯೊಳಗಿರುವುದು ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶದ ಪರಾವಲಂಬಿ. ಅದು ಮೀನಿನ ಚರ್ಮದ ಹೊರಪದರದ ಅಡಿಯಲ್ಲಿ ಕುಳಿತು ಬೆಳೆಯುತ್ತದೆ. ಅಲ್ಲಿರುವಷ್ಟು ಕಾಲ ನೀರಿಗೆ ಬಿದ್ದ ಔಷಧ ಅದಕ್ಕೆ ತಾಗುವುದಿಲ್ಲ. ಬಲಿತ ಮೇಲೆ ತಾನಾಗಿ ಮೀನನ್ನು ಬಿಟ್ಟು ತಳಕ್ಕಿಳಿದು, ಕಲ್ಲಿಗೋ ಗಿಡದ ಎಲೆಗೋ ಅಂಟಿಕೊಂಡು, ಸುತ್ತ ಗಟ್ಟಿ ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆಯೊಳಗೆ ಒಂದು ಜೀವಿ ನೂರಾರಾಗಿ ಒಡೆಯುತ್ತದೆ. ಅಲ್ಲಿಗೂ ಔಷಧ ಮುಟ್ಟದು. ಪೊರೆ ಹರಿದು ಹೊರಬಂದ ಮರಿಗಳು ಮೀನನ್ನು ಹುಡುಕುತ್ತ ಈಜುವ ಒಂದೆರಡು ದಿನ ಮಾತ್ರ ನಮ್ಮ ಕೈಗೆ ಸಿಗುತ್ತವೆ. ಅಷ್ಟರಲ್ಲಿ ಮೀನು ಸಿಗದಿದ್ದರೆ ಅವು ತಾವಾಗಿಯೇ ಸಾಯುತ್ತವೆ. ಇಷ್ಟು ತಿಳಿದುಕೊಂಡರೆ, ಚಿಕಿತ್ಸೆ ಕೊಡಬೇಕಾದದ್ದು ಇಡೀ ತೊಟ್ಟಿಗೆ ಎಂಬುದು ನಿನಗೇ ಹೊಳೆಯುತ್ತದೆ. ಚುಕ್ಕೆ ಬಿದ್ದ ಮೀನನ್ನು ಮಾತ್ರ ಎತ್ತಿ ಬಕೆಟ್ಟಿಗೆ ಹಾಕಿ ಪ್ರಯೋಜನವಿಲ್ಲ.

ನೀರು 25 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಈ ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ. 10 ಡಿಗ್ರಿಯಲ್ಲಿ ತಿಂಗಳಿಗೂ ಹೆಚ್ಚು ಹಿಡಿಯುತ್ತದೆ. ಮಳೆಗಾಲದಲ್ಲಿ ಹೀಟರಿಲ್ಲದ ನಿನ್ನ ತೊಟ್ಟಿಯ ನೀರು ತಣ್ಣಗಾಗಿ ಮೀನಿನ ಶಕ್ತಿ ಕುಗ್ಗಿದೆ, ರೋಗವೂ ನಿಧಾನವಾಗಿ ಬೇರೂರಿದೆ. ಅದಕ್ಕೇ ಇವತ್ತೇ ಒಂದು ಹೀಟರ್ ಮತ್ತು ಥರ್ಮಾಮೀಟರ್ ತಂದುಬಿಡು. ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸುತ್ತ 30ರ ಹತ್ತಿರ ತಂದು ನಿಲ್ಲಿಸು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ 30 ಡಿಗ್ರಿಯದು ಏಳೂವರೆ ಮಾತ್ರ. ಪರಾವಲಂಬಿ ಕಿವಿರಿನ ಒಳಗೂ ಕೂತಿರುವುದರಿಂದ ಮೀನಿಗೆ ಉಸಿರು ಮೊದಲೇ ಕಷ್ಟ. ಆದ್ದರಿಂದ ಗಾಳಿಯ ಪಂಪು ಹಗಲುರಾತ್ರಿ ಓಡಲಿ. ಕರೆಂಟು ಹೋಗುವ ಕಾಲವಿದು, ಬ್ಯಾಟರಿ ಪಂಪೊಂದು ಮನೆಯಲ್ಲಿರಲೇಬೇಕು.

ಇನ್ನು ಔಷಧದ ಬದಲಿಗೆ ಹಾಕಬೇಕಾದ ಉಪ್ಪು. ನಿನ್ನ ತೊಟ್ಟಿ 60 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರ ಎಂದಿದ್ದೀಯ. ಗುಣಿಸಿ ಸಾವಿರದಿಂದ ಭಾಗಿಸಿದರೆ 65 ಲೀಟರ್ ಬರುತ್ತದೆ. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ 50 ಎಂದಿಟ್ಟುಕೋ. ಲೀಟರಿಗೆ ಒಂದು ಗ್ರಾಂನಂತೆ 50 ಗ್ರಾಂ ಕಲ್ಲುಪ್ಪನ್ನು ತೂಗಿ, ನೀರಿನಲ್ಲಿ ಪೂರ್ತಿ ಕರಗಿಸಿ, ಎರಡು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹಾಕು. ಮೋಲಿಗಳಷ್ಟೇ ಇದ್ದಿದ್ದರೆ ಇಮ್ಮಡಿ ಹಾಕು ಎನ್ನುತ್ತಿದ್ದೆ. ಆದರೆ ನಿನ್ನ ತೊಟ್ಟಿಯಲ್ಲಿ ಜೊತೆಗಿರುವ ಲೋಚ್ ಮೀನುಗಳಿಗೆ ಉಪ್ಪು ಅಷ್ಟು ಒಗ್ಗುವುದಿಲ್ಲ. ಆವಿಯಾದ ನೀರಿನೊಂದಿಗೆ ಉಪ್ಪು ಹೋಗುವುದಿಲ್ಲ. ನೀರು ಬದಲಿಸಿದಾಗ ತೆಗೆದಷ್ಟಕ್ಕೆ ಮಾತ್ರ ಲೆಕ್ಕ ಹಾಕಿ ಸೇರಿಸು.

ಉಪ್ಪು ಹಾಕುವ ಮೊದಲು ನೀಲಿ ಔಷಧವನ್ನು ತೆಗೆಯಬೇಕು. ಅದು ಮಿಥಿಲೀನ್ ಬ್ಲೂ. ಮೀನಿನ ಹೊಲಸನ್ನು ಅರಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾಗಳನ್ನು ಅದು ಕೊಲ್ಲುತ್ತದೆ, ಆಮೇಲೆ ಅಮೋನಿಯ ಏರಿ ರೋಗವಿಲ್ಲದ ಮೀನೂ ಸಾಯುತ್ತದೆ. ಮೂರರಲ್ಲೊಂದು ಪಾಲು ನೀರು ಬದಲಿಸಿ, ಉಳಿದ ಔಷಧ ಹೀರಿಕೊಳ್ಳಲು ಫಿಲ್ಟರಿನಲ್ಲಿ ಕಾರ್ಬನ್ ಇಡು. ನಿಮ್ಮ ನಲ್ಲಿಯ ತುಂಗೆಯ ನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ, ಆ್ಯಂಟಿಕ್ಲೋರಿನ್ ಹನಿ ಹಾಕದೆ ಸುರಿಯಬೇಡ. ಒಂದಿಷ್ಟು ಕಾಯಿಸಿದ ನೀರು ಬೆರೆಸಿ ತೊಟ್ಟಿಯಷ್ಟೇ ಬೆಚ್ಚಗೆ ಮಾಡಿಕೋ. ದಿನ ಬಿಟ್ಟು ದಿನ ಪೈಪಿಟ್ಟು ತಳದ ಕೊಳೆ ಎಳೆದು ತೆಗೆದರೆ ಅಂಟಿಕೊಂಡ ಪೊರೆಗಳಲ್ಲಿ ಎಷ್ಟೋ ಹೊರಗೆ ಹೋಗುತ್ತವೆ. ಫಿಲ್ಟರಿನ ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡು, ನಲ್ಲಿಯ ಕೆಳಗೆ ಹಿಡಿಯಬೇಡ. ಊಟ ಅರ್ಧಕ್ಕಿಳಿಸು.

ಆ ಹಳದಿ ಪುಡಿ, ಅರಿಶಿನ, ಬೇವು, ಮೆಡಿಕಲ್ ಅಂಗಡಿಯ ಆ್ಯಂಟಿಬಯಾಟಿಕ್ ಮಾತ್ರೆ ಯಾವುದೂ ಬೇಡ. ಇದು ಬ್ಯಾಕ್ಟೀರಿಯಾದ ರೋಗವಲ್ಲ. ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿಕೋ. ಮೀನಿನ ತೊಟ್ಟಿಯಿಂದ ಮನುಷ್ಯರ ಚರ್ಮಕ್ಕೆ ಹತ್ತುವ ಒಂದು ಹಟಮಾರಿ ಸೋಂಕಿದೆ.

ಐದಾರು ದಿನಕ್ಕೆ ಚುಕ್ಕೆಗಳೆಲ್ಲ ಉದುರಿ ಮೀನು ನಿಚ್ಚಳವಾಗಿ ಕಾಣುತ್ತದೆ. ಹೆಚ್ಚಿನವರು ಕೈಬಿಡುವುದು ಅಲ್ಲೇ. ಆಗ ರೋಗವೆಲ್ಲ ತಳದಲ್ಲಿ ಒಡೆಯುತ್ತಿರುತ್ತದೆ, ಮುಂದಿನ ಸಲ ಬರುವುದು ಇಮ್ಮಡಿಯಾಗಿ. ಕೊನೆಯ ಚುಕ್ಕೆ ಹೋದ ಮೇಲೂ ಹತ್ತು ದಿನ ಬಿಸಿ, ಉಪ್ಪು ಎರಡನ್ನೂ ಮುಂದುವರಿಸು. ನನ್ನ ಮಾತಿನಲ್ಲಿ ಒಂದನ್ನೇ ಉಳಿಸಿಕೊಳ್ಳುವುದಾದರೆ ಇದನ್ನು ಉಳಿಸಿಕೋ.

ಬದುಕಿದವನ್ನು ಹೊಳೆಗೆ ಬಿಡೋಣವೆಂದು ನಿನ್ನ ತಮ್ಮ ಹೇಳಿದನಂತೆ. ಖಂಡಿತ ಕೂಡದು. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೇ ಅಕ್ವೇರಿಯಂಗಳಿಂದ ಹೊರಬಿದ್ದು ನಮ್ಮ ದೇಶದ ಎಷ್ಟೋ ಕೆರೆ, ಹೊಳೆಗಳಲ್ಲಿ ನೆಲೆಯೂರಿದೆ. ನಮ್ಮ ಚಿಪ್ಪಲಗುಡ್ಡೆಯ ಮತ್ಸ್ಯಧಾಮದ ಮೀನುಗಳನ್ನು ಚಿಕ್ಕಂದಿನಿಂದ ನೋಡಿದವಳು ನೀನು. ಅವು ಬಾಳುವ ತುಂಗೆಗೆ ಅಂಗಡಿಯ ರೋಗ ಹೋಗಬಾರದು. ಸತ್ತ ಮೀನನ್ನು ಹೂಗಿಡದ ಬುಡದಲ್ಲಿ ಹೂಳು, ತೊಟ್ಟಿಯ ನೀರನ್ನು ಬಚ್ಚಲಿಗೆ ಚೆಲ್ಲು.

ಹೊಸ ಮೀನು ತಂದರೆ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಡು, ಅದಕ್ಕೆ ಬೇರೆಯೇ ಬಲೆ ಇರಲಿ. ಮೋಲಿಯನ್ನು ಮತ್ತೆ ತರಬೇಡ. ಅದಕ್ಕೆ ಬೇಕಾದದ್ದು ಗಡಸು ನೀರು, ನಮ್ಮ ಮಲೆನಾಡಿನದು ಮೆದು ನೀರು. ಗುರಾಮಿ, ಬಾರ್ಬ್ ಇಲ್ಲಿ ನೆಮ್ಮದಿಯಾಗಿರುತ್ತವೆ.

ಸತ್ತ ಎರಡಕ್ಕಾಗಿ ರಾತ್ರಿಯೆಲ್ಲ ಅತ್ತೆಯೆಂದು ನಿನ್ನಮ್ಮ ಹೇಳಿದಳು. ಪ್ರೀತಿಯಿಂದ ಸಾಕಿದವರಿಗೆ ಆಗುವ ಸಂಕಟವೇ ಅದು, ನಾಚಿಕೊಳ್ಳಬೇಡ. ನಾಳೆ ಸಂಜೆ ಥರ್ಮಾಮೀಟರ್ ಎಷ್ಟು ತೋರಿಸುತ್ತಿದೆ, ಲೋಚ್‌ಗಳು ಊಟ ಮಾಡಿದವೋ ಇಲ್ಲವೋ ಎಂಬುದನ್ನು ನೋಡಿಕೊಂಡು ಫೋನ್ ಮಾಡು.

ಇತಿ ನಿನ್ನ ಪ್ರೀತಿಯ
ದೊಡ್ಡಮ್ಮ